ಅಲ್ಲಿ ಏಳು, ಇಲ್ಲಿ ಎಂಟು

ವಿಂಡ್‌ಹುಕ್
೧೮ ಮಾರ್ಚ್ ೧೯೯೬

ಮುಬಿಯಾನ ಮಾವನವರಿಗೆ,

ಮಂಡಿಯೂರಿ ಎರಡು ಕೈ ತಟ್ಟಿ ನಿಮ್ಮ ನಮುಚಾನಾ ಮಾಡುವ ವಂದನೆ. ಕಚೇರಿಯ ಮೇಜಿನ ಮುಂದೆ ಕೂತಿರುವುದರಿಂದ ಮಂಡಿಯೂರಿದ್ದು ಮನಸ್ಸಿನಲ್ಲಿ. ಕೈ ತಟ್ಟಿದ್ದು ಮಾತ್ರ ನಿಜ, ಪಕ್ಕದ ಮೇಜಿನವರು ತಿರುಗಿ ನೋಡಿದರು.

ಸುದ್ದಿ ಇದೆ ಮಾವ. ಏಳು ತಿಂಗಳಿಂದ ಬೇರೆಯವರು ಓದುವ ವಾರ್ತೆಯನ್ನು ಟೈಪ್ ಮಾಡಿಕೊಡುತ್ತಿದ್ದ ನಾನು ಇನ್ನು ರೇಡಿಯೋದಲ್ಲಿ ಓದುತ್ತೇನೆ. ನಮ್ಮ ಲೋಜಿ ಭಾಷೆಯ ವಾರ್ತೆ ಓದುವ ಹಿರಿಯರು ಸಿಮಾಸಿಕು ಅವರು ಈಸ್ಟರ್ ಹಬ್ಬಕ್ಕೆ ಎರಡು ವಾರ ರಜೆ ಹಾಕಿದ್ದಾರೆ. ಅವರ ಜಾಗದಲ್ಲಿ ಕೂರುವವರು ಬೇರೆ ಯಾರೂ ಇಲ್ಲದೆ ನನ್ನ ಹೆಸರು ಬಂತು. ಬೆಳಗಿನ ವಾರ್ತೆಯನ್ನು ನಮ್ಮ ವಿಭಾಗದಲ್ಲಿ ಇದುವರೆಗೆ ಹೆಂಗಸರು ಓದಿಲ್ಲ.

ಏಪ್ರಿಲ್ ಎಂಟು, ಸೋಮವಾರ, ಬೆಳಿಗ್ಗೆ ಏಳು ಗಂಟೆಗೆ ಮೊದಲ ಸಲ. ಹತ್ತು ನಿಮಿಷ.

ಇದು ಪರೀಕ್ಷೆ. ಚೆನ್ನಾಗಿ ಓದಿದರೆ ಓದುವ ಕೆಲಸವೇ ಖಾಯಂ. ಇಲ್ಲದಿದ್ದರೆ ಮತ್ತೆ ಟೈಪ್ ಮೆಷಿನ್ನು. ನಮ್ಮ ಮುಖ್ಯಸ್ಥರು ಗೋರೆಸೆಬ್ ಅವರಿಗೆ ನಮ್ಮ ಭಾಷೆ ಬರುವುದಿಲ್ಲ. "ನೀನು ಚೆನ್ನಾಗಿ ಓದಿದ್ದೀಯೋ ಇಲ್ವೋ ನನಗೆ ಹೇಗೆ ಗೊತ್ತಾಗ್ಬೇಕು? ಕೇಳ್ದೋರು ಕಾಗದ ಬರೆದ್ರೆ ಗೊತ್ತಾಗುತ್ತೆ" ಅಂದಿದ್ದಾರೆ.

ಅಮ್ಮನಿಗೆ ಓದಿ ಹೇಳಿ. ಅವತ್ತು ಏಳಕ್ಕೆ ನೀವೆಲ್ಲ ಕೇಳಬೇಕು.

ನಿಮ್ಮ ನಮುಚಾನಾ


ಕಲಿಂಬೇಜಾ
೨೭ ಮಾರ್ಚ್ ೧೯೯೬

ಮಗಳೇ ನಮುಚಾನಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲು ನನಗೆ, ಆಮೇಲೆ ನಿನ್ನ ಅಮ್ಮನಿಗೆ, ಮೂರನೆಯ ಸಲ ಮಾವಿನ ಮರದ ಕೆಳಗೆ ನಿಂತು ಊರಿಗೆ. ನಿನ್ನ ಅಮ್ಮ ಮ್ವಂಗಾಲಾ ಒಳಗೆ ಹೋಗಿ ಹಬ್ಬಕ್ಕೆಂದು ಮಡಿಚಿಟ್ಟಿದ್ದ ಬಟ್ಟೆಯನ್ನು ಅವತ್ತೇ ಉಟ್ಟುಕೊಂಡು ಬಂದಳು. ಇವತ್ತೂ ಅದೇ ಬಟ್ಟೆಯಲ್ಲಿ ಮೀನು ಉಜ್ಜುತ್ತಿದ್ದಾಳೆ.

ಗಣಿಯಲ್ಲಿ ಮೂಟೆಗಳ ಮೇಲಿನ ಅಚ್ಚು ನೋಡಿ ನೋಡಿ ಅಕ್ಷರ ಕಲಿತವನು ನಾನು. ನನ್ನ ಅಕ್ಕನ ಮಗಳು ದೇಶಕ್ಕೇ ಕೇಳುವ ಹಾಗೆ ಓದುತ್ತಾಳೆ ಎಂದರೆ ಇನ್ನು ನನಗೆ ಬೇಕಾದದ್ದೇನಿದೆ? ಗೆಳೆಯ ಮುಶಾಬಾತಿಗೂ ಹೇಳಿದೆ. ಡಿಸೆಂಬರ್‌ನಲ್ಲಿ ಅವನ ಮಗ ರೇಡಿಯೋ ತಂದುಕೊಟ್ಟಿದ್ದಾನಲ್ಲ, ನಮ್ಮ ಊರಿಗೆ ಅದೊಂದೇ.

"ಕೇಳಿಸ್ತೀನಿ ಮಾರಾಯ. ಆದ್ರೆ ನೀನು ಪಕ್ಕದಲ್ಲಿ ಕೂತು ಬಾಯಿ ಮುಚ್ಕೊಂಡಿರ್ಬೇಕು" ಅಂದ. "ನಿನ್ನ ಸೊಸೆ ಹತ್ತು ನಿಮಿಷ ಓದ್ತಾಳೆ, ನೀನು ಅದನ್ನ ಹತ್ತು ವರ್ಷ ಹೇಳ್ತೀಯ. ಅವತ್ತೊಂದಿನ ನಮಗೆ ಅವಳ ಬಾಯಿಂದ ಕೇಳೋಕೆ ಬಿಡು."

ಇನ್ನೊಂದು ವಿಷಯ. ನೀನು ಹೇಳಿದ ದಿನದ ಹಿಂದಿನ ಭಾನುವಾರವೇ ಸರ್ಕಾರ ಗಡಿಯಾರ ತಿರುಗಿಸುತ್ತದಂತೆ, ಚಳಿಗಾಲಕ್ಕೆಂದು. ಹೋದ ಎರಡು ವರ್ಷವೂ ಈ ಗಲಾಟೆ ಆಯಿತು. ನಮಗೆ ವಿಂಡ್‌ಹುಕ್‌ನ ಜೊತೆ ಗಂಟೆ ನೋಡಿ ಮಾಡುವ ಕೆಲಸ ಇರಲಿಲ್ಲ, ತಲೆ ಕೆಡಿಸಿಕೊಳ್ಳಲಿಲ್ಲ. ಈ ಸಲ ಹಾಗಲ್ಲವಲ್ಲ ಎಂದು ವಿಚಾರಿಸಿದೆ. ಅಂಗಡಿಯವನು ಮುಳ್ಳನ್ನು ಮುಂದಕ್ಕೆ ತಿರುಗಿಸಬೇಕು ಅಂದ. ಶಾಲೆಯ ಮೇಷ್ಟ್ರು ಹಿಂದಕ್ಕೆ ಅಂದರು. ಇಬ್ಬರಿಗೂ ಮಾತಿಗೆ ಮಾತು ಬೆಳೆದು ಕೊನೆಗೆ ಇಂಡುನಾ ಹತ್ತಿರ ಹೋದೆವು. ಊರ ಹಿರಿಯರಲ್ಲವೇ, ಅವರು ಕಣ್ಣುಮುಚ್ಚಿ ಕೂತು ಎಲ್ಲ ಕೇಳಿ ಹೇಳಿದರು: "ಕಟಿಮಾ ಸರ್ಕಾರಿ ಕಚೇರಿಯಿಂದ ಕಾಗದ ಬಂದಿದೆ. ದೇಶ ಎಲ್ಲ ತಿರುಗಿಸ್ಲಿ, ನಮ್ಮ ಕಪ್ರೀವಿ ಸೀಮೆ ತಿರುಗಿಸೋ ಹಂಗಿಲ್ಲ. ಸೂರ್ಯ ಮೊದ್ಲು ನಮ್ಮನ್ನ ನೋಡಿ ಆಮೇಲೆ ಅವರ ಕಡೆ ಹೋಗ್ತಾನೆ. ನಮಗೆ ನಮ್ಮ ಗಂಟೆನೇ ಸರಿ."

ಕೇಳಿ ಸಮಾಧಾನವಾಯಿತು. ನಮಗೆ ಬದಲಾವಣೆ ಇಲ್ಲ ಎಂದಮೇಲೆ ಏಳು ಎಂದರೆ ಏಳೇ. ನೀನು ಈ ಯೋಚನೆ ಇಟ್ಟುಕೊಳ್ಳಬೇಡ. ಗಂಟಲು ನೋಡಿಕೋ, ತಣ್ಣೀರು ಕುಡಿಯಬೇಡ.

ನಿನ್ನ ಮಾವ ಮುಬಿಯಾನ


ವಿಂಡ್‌ಹುಕ್
೪ ಏಪ್ರಿಲ್ ೧೯೯೬, ಗುರುವಾರ

ಮಾವ,

ಅವಸರದಲ್ಲಿ ನಾಲ್ಕು ಸಾಲು. ನಿಮ್ಮ ಕಾಗದ ಇನ್ನೂ ಬಂದಿಲ್ಲ. ಮೊದಲ ಕಾಗದದಲ್ಲಿ ಒಂದು ಮಾತು ಬಿಟ್ಟೆ. ಈ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ನಮ್ಮ ಸೀಮೆಯಲ್ಲಿ ಇಲ್ಲ. ಹಾಗಾಗಿ ಸೋಮವಾರ ಇಲ್ಲಿ ಏಳಾದಾಗ ನಿಮಗೆ ಎಂಟು. ನೀವು ಎಂಟಕ್ಕೆ ರೇಡಿಯೋ ಹಾಕಬೇಕು.

ನಾಳೆಯಿಂದ ಹಬ್ಬದ ರಜೆ, ಅಂಚೆ ಮಂಗಳವಾರದವರೆಗೆ ಹೊರಡುವುದಿಲ್ಲವಂತೆ. ಇದು ಹೊತ್ತಿಗೆ ತಲುಪದಿದ್ದರೂ ಭಯವಿಲ್ಲ. ನಿಮಗೆ ಗೊತ್ತಿಲ್ಲದ್ದು ಏನಿದೆ? ನೀವೇ ಲೆಕ್ಕ ಹಾಕಿರುತ್ತೀರಿ.

ನಮುಚಾನಾ


ಕಲಿಂಬೇಜಾ
೯ ಏಪ್ರಿಲ್ ೧೯೯೬

ಮಗಳೇ,

ಕೇಳಿದೆವು. ಏಳಕ್ಕೆ ಸರಿಯಾಗಿ ಇಡೀ ಊರು ಮಾವಿನ ಮರದ ಕೆಳಗೆ ಕೂತಿತ್ತು. ಶನಿವಾರದ ಚರ್ಚಿನವರು, ಭಾನುವಾರದ ಚರ್ಚಿನವರು ಎಲ್ಲ ಒಂದೇ ಚಾಪೆಯ ಮೇಲೆ. ನಿನ್ನ ಧ್ವನಿ ಬಂದೊಡನೆ ಕೋಳಿ ಕೂಡ ಸದ್ದು ಮಾಡಲಿಲ್ಲ. ಒಂದು ಕಡೆಯೂ ತಡವರಿಸದೆ, ಎಲ್ಲೂ ಎಡವದೆ, ಇಳಿಜಾರಿನ ಹೊಳೆಯಲ್ಲಿ ದೋಣಿ ಹೋದ ಹಾಗೆ ಓದಿದೆ. ಮುಗಿದ ಮೇಲೆ ಎಲ್ಲರೂ ಕೈ ತಟ್ಟಿದೆವು. ನಿನ್ನ ಅಮ್ಮನ ಕಣ್ಣಲ್ಲಿ ನೀರು ಬಂತು.

ಕೆಲಸ ಎಂದಮೇಲೆ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ. ಯಾರು ಏನೇ ಅಂದರೂ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಟೈಪ್ ಮಾಡುವುದೂ ಸಣ್ಣ ಕೆಲಸವಲ್ಲ. ನೀನು ಏನು ಮಾಡಿದರೂ ನಮಗೆ ಹೆಮ್ಮೆಯೇ.

ನೀರು ಬಯಲಿಗೆ ಹತ್ತುತ್ತಿದೆ. ಹೊಸ ದೋಣಿಗೆ ಮರ ನೋಡಿದ್ದೇನೆ.

ನಿನ್ನ ಮಾವ ಮುಬಿಯಾನ


ವಿಂಡ್‌ಹುಕ್
೨೨ ಏಪ್ರಿಲ್ ೧೯೯೬

ಪೂಜ್ಯ ಮಾವನವರಿಗೆ,

ನಿಮ್ಮ ಕಾಗದ ಬಂತು. ಊರೆಲ್ಲ ಕೂತು ಕೇಳಿದ್ದು ಓದಿ ತಲೆಯೆತ್ತಿ ನಡೆದೆ. ಎರಡು ವಾರ ಓದಿ ಮುಗಿಯಿತು. ಸಿಮಾಸಿಕು ಅವರು ರಜೆಯಿಂದ ಬಂದಿದ್ದಾರೆ. ಈಗ ಮತ್ತೆ ಟೈಪ್ ಮಾಡುತ್ತಾ ತೀರ್ಮಾನಕ್ಕೆ ಕಾಯುತ್ತಿದ್ದೇನೆ.

ಆದರೆ ಮಾವ, ಮೊದಲ ದಿನ ಕೊನೆಯ ಎರಡು ನಿಮಿಷದಲ್ಲಿ ನಾನು ಮಾಡಿದ್ದರ ಬಗ್ಗೆ ನೀವು ಒಂದಕ್ಷರ ಬರೆದಿಲ್ಲ. ನೀವು ಬೈದಿದ್ದರೆ ಹಗುರವಾಗುತ್ತಿತ್ತು. ನಿಮ್ಮನ್ನು ಕೇಳದೆ ಮಾಡಿದೆ. ಮನೆಯಲ್ಲಿ ಹಿರಿಯರು ಹೂಂ ಅನ್ನದೆ ಅದಕ್ಕೆ ಬಾಯಿ ಹಾಕಬಾರದು ಎಂದು ಚಿಕ್ಕಂದಿನಲ್ಲೇ ಕಲಿಸಿದ್ದಿರಿ. ಗೊತ್ತಿದ್ದೂ ಮಾಡಿದೆ. ಬೇರೆ ದಾರಿ ತೋಚಲಿಲ್ಲ. ಕ್ಷಮಿಸಿ.

ಇಲ್ಲಿಯೂ ಅದಕ್ಕೆ ಎಚ್ಚರಿಕೆ ಕೊಟ್ಟಿದ್ದಾರೆ. ಕಪ್ರೀವಿ ಕಡೆಯಿಂದ ಕೇಳುಗರ ಕಾಗದ ಒಂದೂ ಬಂದಿಲ್ಲ. "ಯಾರಿಗೋಸ್ಕರ ಓದಿದೆ ನೀನು, ಗೋಡೆಗಾ?" ಎಂದು ಗೋರೆಸೆಬ್ ಅವರು ಕೇಳಿದರು. ನಿಮ್ಮ ಕಾಗದವನ್ನೇ ತೆಗೆದು ಅವರ ಮೇಜಿನ ಮೇಲಿಟ್ಟೆ. ಸಿಮಾಸಿಕು ಅವರು ಅದನ್ನು ಇಂಗ್ಲಿಷಿಗೆ ಬರೆದುಕೊಡುತ್ತಾರೆ. ನನ್ನ ಮೊದಲ ಕೇಳುಗರು ನೀವು. ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಡ.

ನಮುಚಾನಾ


ಕಲಿಂಬೇಜಾ
೧ ಮೇ ೧೯೯೬

ಮಗಳೇ,

ನಿನ್ನ ಕಾಗದ ಬಂತು. ಅದಕ್ಕೂ ಮುಂಚೆ ನಾಲ್ಕನೆಯ ತಾರೀಖಿನದ್ದೂ ಬಂತು, ಸ್ವಲ್ಪ ತಡವಾಗಿ. ಪರವಾಗಿಲ್ಲ.

ಆ ಎರಡು ನಿಮಿಷದ ವಿಷಯ. ಅದನ್ನು ನಾನು ಆವತ್ತೇ ಕ್ಷಮಿಸಿದ್ದೇನೆ. ವಯಸ್ಸು ಚಿಕ್ಕದು, ಆಗುತ್ತದೆ. ಇನ್ನು ಮುಂದೆ ಹಾಗೆ ಮಾಡಬೇಡ, ಅಷ್ಟೇ. ಆ ಮಾತು ಇಲ್ಲಿಗೆ ಮುಗಿಯಿತು, ಮತ್ತೆ ಬರೆಯಬೇಡ.

ನನ್ನ ಕಾಗದ ಮನೆಯವರಿಗೆ ಬರೆದದ್ದು. ಕಚೇರಿಯವರ ಮೇಜಿನ ಮೇಲಿಡುವಷ್ಟು ನೀಟಾದ ಅಕ್ಷರ ನನ್ನದಲ್ಲ. ಸಾಧ್ಯವಾದರೆ ವಾಪಸ್ಸು ತೆಗೆದುಕೊಂಡುಬಿಡು.

ಇಲ್ಲಿ ಎಲ್ಲರೂ ಎದ್ದು ಓಡಾಡಿಕೊಂಡಿದ್ದೇವೆ. ಮರ ಕಡಿದಾಯಿತು, ಒಳಗೆ ಕೊರೆಯುತ್ತಿದ್ದೇನೆ. ಈ ಸಲ ಯಾಕೋ ಕೈ ಓಡುತ್ತಿಲ್ಲ.

ಮುಬಿಯಾನ


ವಿಂಡ್‌ಹುಕ್
೧೦ ಮೇ ೧೯೯೬

ಮಾವ,

"ಇನ್ನು ಮುಂದೆ ಹಾಗೆ ಮಾಡಬೇಡ" ಎಂಬ ನಿಮ್ಮ ಸಾಲು ಓದಿ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಗೋರೆಸೆಬ್ ಅವರು ಕರೆಸಿದರು. ನಿಮ್ಮ ಏಪ್ರಿಲ್ ಕಾಗದ ಅವರ ಮುಂದಿತ್ತು, ಪಕ್ಕದಲ್ಲಿ ಸಿಮಾಸಿಕು ಅವರು ಮಾಡಿಕೊಟ್ಟ ಇಂಗ್ಲಿಷು.

"ಏಳಕ್ಕೆ ಸರಿಯಾಗಿ ಇಡೀ ಊರು ಕೂತಿತ್ತಂತೆ?"

"ಹೌದು ಸಾರ್."

"ಅವರ ಏಳಕ್ಕೆ ಇಲ್ಲಿ ಎಷ್ಟು ಗಂಟೆ?"

ನನಗೆ ಆಗಲೂ ಹೊಳೆಯಲಿಲ್ಲ ಮಾವ, ನೀವು ಬರೆದ ಏಳನ್ನು ನನ್ನ ಏಳು ಎಂದೇ ಓದಿಕೊಂಡಿದ್ದೆ. ಅವರೇ ಹೇಳಿದರು. "ಆರು. ಆರಕ್ಕೆ ನೀನಿನ್ನೂ ಬಸ್ಸಿಗೆ ಕಾಯ್ತಿದ್ದೆ ತಾಯಿ. ಆ ಹೊತ್ತಲ್ಲಿ ನಮ್ಮ ರೇಡಿಯೋದಲ್ಲಿ ಬರೋದು ಭಜನೆ. ಇವರು ಕೇಳಿದ್ದು ಯಾರನ್ನ?" ಆಮೇಲೆ, "ಈ ಕಾಗದ ನೀನೇ ಕೂತು ಬರೆದದ್ದಾ?" ಅಂದರು.

ಸಿಮಾಸಿಕು ಅವರು ತಲೆ ತಗ್ಗಿಸಿದರು. ಅವರು ಹಾಗೆ ತಗ್ಗಿಸಿದ್ದಕ್ಕೆ ನನಗೆ ಪ್ರಶ್ನೆಗಿಂತ ಹೆಚ್ಚು ನೋವಾಯಿತು.

ಈಗ ನನಗೆ ಎಲ್ಲ ಅರ್ಥವಾಗುತ್ತಿದೆ. ನೀವು ಕೇಳಲೇ ಇಲ್ಲ. ನಾನು ಏನು ಮಾಡಿದೆ ಎಂದೂ ನಿಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನೇ ಕ್ಷಮಿಸಿದಿರಿ, ಗೊತ್ತಿಲ್ಲದ್ದನ್ನೇ ಮಾಡಬೇಡ ಅಂದಿರಿ.

ನಾನು ಮಾಡಿದ್ದು ಇದು. ಕೊನೆಯ ಹಾಳೆ ಕಾಣಲಿಲ್ಲ. ಎರಡು ನಿಮಿಷ ಬಾಕಿ ಇತ್ತು. ರೇಡಿಯೋದಲ್ಲಿ ಎರಡು ನಿಮಿಷ ಸುಮ್ಮನಿರುವುದೆಂದರೆ ನದಿಯ ನಡುವೆ ಹುಟ್ಟು ಕೈಬಿಟ್ಟ ಹಾಗೆ. ಬಾಯಿಗೆ ಬಂದದ್ದು ನೀವು ಕಲಿಸಿದ ನಮ್ಮ ವಂಶದ ಹೊಗಳಿಕೆಯ ಪದ. ಮೊದಲಿಂದ ಕೊನೆಯವರೆಗೆ ಹೇಳಿದೆ, ಹೇಳಿದವಳು ಮುಬಿಯಾನರ ಅಕ್ಕನ ಮಗಳು ಎಂದೂ ಹೇಳಿದೆ.

ಸುಳ್ಳು ಕಾಗದ ಕಟ್ಟಿದವಳು ಎಂಬ ಹೆಸರು ಹೊತ್ತುಕೊಂಡಿದ್ದೇನೆ. ಮೇ ಮೂವತ್ತಕ್ಕೆ ಸಭೆ. ಅಷ್ಟರಲ್ಲಿ ಸಾಕ್ಷಿ ಇಲ್ಲದಿದ್ದರೆ ಓದುವ ಕೆಲಸ ಹೋಗಲಿ, ಟೈಪ್ ಮಾಡುವ ಕೆಲಸವೂ ಉಳಿಯುವುದಿಲ್ಲ.

ಯಾಕೆ ಹಾಗೆ ಬರೆದಿರಿ ಮಾವ?

ನಮುಚಾನಾ


ಕಲಿಂಬೇಜಾ
೨೦ ಮೇ ೧೯೯೬

ನಮುಚಾನಾ,

ನಿನ್ನ ಕಾಗದ ಹದಿನಾರಕ್ಕೆ ಬಂತು. ಅದನ್ನು ಊರಿಗೆ ಓದಲಿಲ್ಲ. ಒಬ್ಬನೇ ದೋಣಿಯ ಒಳಗೆ ಕೂತು ಓದಿದೆ, ಕೊರೆದದ್ದು ಅರ್ಧವಾಗಿತ್ತು, ಕೂರಲು ಜಾಗವಿತ್ತು.

ಯಾಕೆ ಎಂದು ಕೇಳಿದ್ದೀಯ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅವತ್ತು ಏಳಕ್ಕೆ ಊರು ಕೂತದ್ದು ನಿಜ. ಚಾಪೆಯೂ ನಿಜ. ರೇಡಿಯೋ ಹಾಕಿದರೆ ಭಜನೆ. ಅದು ಮುಗಿಯಿತು, ಇನ್ನೊಂದು ಭಜನೆ. "ಇವಳು ಓದ್ತಾಳೆ ಅಂದ್ರೆ ಹಾಡ್ತಾಳಲ್ಲಯ್ಯಾ" ಅಂದ ಮುಶಾಬಾತಿ. ಯಾರೋ ನಕ್ಕರು. ಏಳೂವರೆಯಾಯಿತು. ಬಲೆಯವರು ಎದ್ದರು, ದನದವರು ಎದ್ದರು. ಮುಶಾಬಾತಿ ನನ್ನ ಮುಖ ನೋಡಿದ, ತಮಾಷೆ ಬಿಟ್ಟು ಮೆಲ್ಲಗೆ ರೇಡಿಯೋ ಆರಿಸಿದ. ಎಂಟಕ್ಕೆ ಮರದ ಕೆಳಗೆ ನಾನು, ನಿನ್ನ ಅಮ್ಮ, ಬಾಯಿ ಮುಚ್ಚಿದ ಆ ಪೆಟ್ಟಿಗೆ, ಇಷ್ಟೇ. ನೀನು ಓದುತ್ತಿದ್ದದ್ದು ಆಗ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿನ್ನ ಧ್ವನಿ ಇತ್ತು, ನಾವು ಗುಂಡಿ ತಿರುಗಿಸಲಿಲ್ಲ.

ಕೊನೆಯ ಗಳಿಗೆಯಲ್ಲಿ ನಿನ್ನನ್ನು ಎಬ್ಬಿಸಿ ವಾರ್ತೆಯ ಬದಲು ಭಜನೆ ಹಾಕಿದ್ದಾರೆ ಎಂದುಕೊಂಡೆವು. ನಮ್ಮ ಗಂಟೆ ಬದಲಾಗಲಿಲ್ಲ ಎಂದರೆ ನಿಮ್ಮದೂ ನಮ್ಮದೂ ಒಂದೇ ಆಗಿರುತ್ತದೆ ಎಂದು ನಾನು ತಿಳಿದೆ. ನಿಂತಲ್ಲೇ ನಿಂತವನಿಂದಲೂ ನಡೆದು ಹೋದವನು ದೂರವಾಗುತ್ತಾನಲ್ಲ, ಅಷ್ಟು ಸಣ್ಣ ಮಾತು ಹೊಳೆಯಲಿಲ್ಲ.

ನಿನ್ನ ಅಮ್ಮ ಅಂದಳು: "ಮಗೂಗೆ ಅವಮಾನ ಆಗಿದ್ದು ನಮಗೆ ಗೊತ್ತಾಗಿದೆ ಅಂತ ಅವಳಿಗೆ ಗೊತ್ತಾಗಬಾರ್ದು ಕಣೋ. ಕೇಳಿದ್ವಿ ಅಂತ ಬರೆ." ಬರೆದೆ. ಅವಳನ್ನು ದೂರಬೇಡ. ಅವಳು ಹೇಳಿದ್ದು ಒಂದು ಸಾಲು. ಕೋಳಿ, ದೋಣಿ, ಇಳಿಜಾರು ಎಲ್ಲ ಕಟ್ಟಿದ್ದು ನಾನು.

ಆಮೇಲೆ ನಿನ್ನ ನಾಲ್ಕನೆಯ ತಾರೀಖಿನ ಕಾಗದ ಬಂತು. ಅವತ್ತೇ ಬರೆದು ಒಪ್ಪಿಕೊಳ್ಳಬೇಕಿತ್ತು. ಒಪ್ಪಿಕೊಳ್ಳಲಿಲ್ಲ. "ನಿಮಗೆ ಗೊತ್ತಿಲ್ಲದ್ದು ಏನಿದೆ" ಎಂದು ನೀನು ಬರೆದಿದ್ದೆ. ಆ ಮಾತನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಆ ಎರಡು ನಿಮಿಷವನ್ನು ನಾನು ಕ್ಷಮಿಸಿದ್ದು ಹಾಗೆ, ಕಣ್ಣು ಕಾಣದವನು ಬಣ್ಣ ಆರಿಸಿದಂತೆ.

ಈಗ ಮುಂದಿನದು ಕೇಳು.

ಹದಿನಾರರ ಸಂಜೆಯೇ ಮುಶಾಬಾತಿಯ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. "ನಮ್ಮ ಎಂಟಕ್ಕೆ ರೇಡಿಯೋ ಮುಂದೆ ಕೂತಿರೋರು ಯಾರು ಹೇಳು?" ಅಂದ. "ಮೀನಿನೋರು ನೀರಲ್ಲಿ, ಮಕ್ಕಳು ಶಾಲೇಲಿ, ಹೆಂಗಸ್ರು ಹೊಲದಲ್ಲಿ. ಕೂತಿರೋರು ಇಬ್ರೇ. ಸೋಮಾರಿಗಳು, ಇಲ್ಲಾ ಗರ್ಭಿಣಿಯರು. ಈ ಸೀಮೇಲಿ ಸೋಮಾರಿ ಅಂದ್ರೆ ನಾನೊಬ್ಬನೇ, ನಾನು ಕೇಳಿಲ್ಲ."

ಅವನು ಆಡಿದ್ದು ತಮಾಷೆಗೆ. ನನಗೆ ಅದೇ ದಾರಿಯಾಯಿತು. ಮರುದಿನ ಬುಕಾಲೋ ಆಸ್ಪತ್ರೆಗೆ ಹೋದೆ. ದೂರದ ಹಳ್ಳಿಯ ಬಸುರಿಯರು ದಿನ ತುಂಬುವ ಮುಂಚೆಯೇ ಬಂದು ಹೆರಿಗೆಗೆ ಕಾಯುವ ಚಾವಡಿ ಇದೆಯಲ್ಲ, ಅಲ್ಲಿ. ನರ್ಸಮ್ಮನ ಕಿಟಕಿಯಲ್ಲಿ ರೇಡಿಯೋ ಇತ್ತು. ಹೊಟ್ಟೆ ಹೊತ್ತ ಹೆಂಗಸರ ನಡುವೆ ಮುದುಕನೊಬ್ಬ ಬಂದು ಕೂತದ್ದು ನೋಡಿ ಒಬ್ಬಳು ಕೇಳಿದಳು: "ಅಜ್ಜಾ, ನಿಮಗೆಷ್ಟು ತಿಂಗಳು?"

"ಆರು ವಾರದಿಂದ ಒಂದು ಸುಳ್ಳು ಹೊತ್ತುಕೊಂಡಿದ್ದೀನಿ ತಾಯಿ, ಇಳಿಸೋಕೆ ಬಂದೆ" ಅಂದೆ.

ನಕ್ಕರು. ಈಸ್ಟರ್ ಹೊತ್ತಿನಲ್ಲಿ ಇಲ್ಲಿದ್ದವರು ಯಾರಾದರೂ ಇದ್ದೀರಾ ಎಂದು ಕೇಳಿದೆ. ಮಗುವಿಗೆ ಸೂಜಿ ಹಾಕಿಸಲು ಬಂದಿದ್ದ ನಾಲಿಶೇಬೊ ಎಂಬವಳು ತಿರುಗಿ ನೋಡಿದಳು. ಲಿನ್ಯಾಂತಿ ಕಡೆಯವಳು, ನಮ್ಮ ಪೈಕಿಯವಳಲ್ಲ, ಅದಕ್ಕೆ ಮುಂಚೆ ನಮ್ಮ ಮನೆಯ ಹೆಸರು ಕೇಳಿದವಳಲ್ಲ. "ಹೊಸ ಹುಡುಗಿ ಓದ್ತಿದ್ಳಲ್ಲ, ಅವಳಾ?" ಅಂದಳು. ಆಮೇಲೆ, ನಾನು ಕೇಳದೆಯೇ, ಮಗುವನ್ನು ಹೆಗಲಿಗೆ ಹಾಕಿಕೊಂಡು ಶುರು ಮಾಡಿದಳು:

ನೀರು ಏರಿದರೆ ಏರುವವರು,
ನೀರು ಇಳಿದರೆ ಇಳಿಯದವರು,
ಮೊಸಳೆಯ ಹತ್ತಿರ ದಾರಿ ಕೇಳದವರು,
ದಡ ಕಾಣದಿದ್ದರೂ ಹುಟ್ಟು ಬಿಡದವರು.

ನಮುಚಾನಾ, ಆ ಸಾಲುಗಳನ್ನು ನನಗೆ ಕಲಿಸಿದ್ದು ನನ್ನ ತಾಯಿಯ ಅಣ್ಣ. ಐವತ್ತು ವರ್ಷದಲ್ಲಿ ನಮ್ಮ ಮನೆಯವರಲ್ಲದ ಬಾಯಿಂದ ಅದನ್ನು ಕೇಳಿರಲಿಲ್ಲ. ಇವಳಿಗೆ ಪೂರ್ತಿ ಬರುತ್ತಿತ್ತು. ಒಂದೇ ಸಲ ಕೇಳಿ ಹೇಗೆ ನೆನಪಿಟ್ಟೆ ತಾಯಿ ಎಂದೆ.

"ಒಬ್ಬಳಿಗೇ ಎಲ್ಲಿ ನೆನಪಿರುತ್ತೆ? ಮೂವರು ಸೇರಿ ಜೋಡಿಸ್ಕೊಂಡ್ವಿ. ನಾಲ್ಕು ದಿನ ಬಿಟ್ಟು ನನಗೆ ನೋವು ಬಂತು. ಬಿಡದವರು, ಬಿಡದವರು ಅಂತ ಅದನ್ನೇ ಹೇಳ್ಕೊಂಡೆ. ನರ್ಸಮ್ಮ ಬೈದ್ರು, ನಿನ್ನ ಹಾಡು ಆಮೇಲೆ ಹಾಡ್ಕೋ, ಈಗ ಉಸಿರು ಹಿಡಿ ಅಂತ."

ನಾನು ಅಲ್ಲೇ ಅವಳ ಮುಂದೆ ಮಂಡಿಯೂರಿ ಕೈ ತಟ್ಟಿದೆ. ವಯಸ್ಸಾದವನು ಚಿಕ್ಕವಳಿಗೆ ಹಾಗೆ ಮಾಡುವುದುಂಟೇ ಎಂದು ಎಲ್ಲರೂ ಗಾಬರಿಯಾದರು. ಮಾಡುವುದುಂಟು ಎಂದು ಅವತ್ತಿಂದ ಆಯಿತು.

ಮೂರು ದಿನ ಅಲ್ಲೇ ಇದ್ದೆ. ಆ ಎರಡು ವಾರದಲ್ಲಿ ನಿನ್ನನ್ನು ಕೇಳಿದ ಹನ್ನೊಂದು ಜನ ಸಿಕ್ಕರು, ನರ್ಸಮ್ಮನೂ ಸೇರಿ. ಅವರು ಹೇಳಿದ ಹಾಗೆ ಬರೆದುಕೊಂಡೆ, ನನ್ನದೊಂದು ಮಾತೂ ಸೇರಿಸಲಿಲ್ಲ. ಚೆನ್ನಾಗಿತ್ತು ಎಂದು ಹೇಳಿದವರನ್ನು ಅಷ್ಟಕ್ಕೇ ಬಿಡಲಿಲ್ಲ. ಏನು ಕೇಳಿದಿರಿ ಹೇಳಿ ಅಂದೆ. ಒಬ್ಬಳು ಸೇತುವೆ ರಿಪೇರಿಯ ಸುದ್ದಿ ಹೇಳಿದಳು, ಒಬ್ಬಳು ದನಗಳ ರೋಗದ್ದು, ಒಬ್ಬಳು ನೀನು ಬುಧವಾರ ಕೆಮ್ಮಿದ್ದು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದ್ದಾರೆ. ಆ ಹನ್ನೊಂದು ಕಾಗದವನ್ನೂ ಇದರ ಜೊತೆ ಇಟ್ಟಿದ್ದೇನೆ. ಅದರಲ್ಲಿ ನನ್ನದಿಲ್ಲ. ನಾನು ಕೇಳಿಲ್ಲ.

ಗೋರೆಸೆಬ್ ಅವರಿಗೆ ಬೇರೆ ಕಾಗದ ಇಟ್ಟಿದ್ದೇನೆ. ಸಿಮಾಸಿಕು ಅವರು ಅದನ್ನು ಇದ್ದಹಾಗೆ ಬರೆದುಕೊಡಲಿ, ನನ್ನ ಮಾನ ಉಳಿಸಲು ಹೋಗುವುದು ಬೇಡ. ಅದರಲ್ಲಿ ಇಷ್ಟಿದೆ: ಏಪ್ರಿಲ್ ಒಂಬತ್ತರ ಕಾಗದ ನನ್ನದು, ಅಕ್ಷರ ಹೋಲಿಸಿ ನೋಡಿ. ಅದರಲ್ಲಿರುವುದು ಸುಳ್ಳು, ಹುಡುಗಿಗೆ ಗೊತ್ತಿರಲಿಲ್ಲ. ನಿಮ್ಮ ಏಳು ನಮ್ಮ ಎಂಟು. ಎಂಟಕ್ಕೆ ನಮ್ಮ ಸೀಮೆ ಕೆಲಸದಲ್ಲಿರುತ್ತದೆ. ಕಾಗದ ಬರಲಿಲ್ಲ ಎಂದರೆ ಕಿವಿ ಇಲ್ಲ ಎಂದು ತಿಳಿಯಬೇಡಿ. ಚಳಿಗಾಲದಲ್ಲಿ ನಿಮ್ಮ ಆರಕ್ಕೆ ಓದಿಸಿ, ಆಗ ನಾವು ಬುಹೋಬೆಯ ಮುದ್ದೆ ಉಣ್ಣುತ್ತಾ ಮನೆಯಲ್ಲಿ ಕೂತಿರುತ್ತೇವೆ. ಸೂರ್ಯನನ್ನು ತಿರುಗಿಸುವ ಅಧಿಕಾರ ನಿಮಗಿಲ್ಲ, ವಾರ್ತೆಯನ್ನು ತಿರುಗಿಸುವ ಅಧಿಕಾರ ಇದೆಯಲ್ಲವೇ?

ಇನ್ನು ಅನುಮತಿಯ ಮಾತು. ಹಿರಿಯರ ಹೂಂ ಇಲ್ಲದೆ ಹೇಳಿದೆ ಎಂದು ಕೊರಗಿದ್ದೀಯ. ಸರ್ಕಾರಕ್ಕೆ ಒಂದು ಗಂಟೆ ಹಿಂದಕ್ಕೆ ಹೋಗಲು ಬರುತ್ತದೆ ಎಂದರೆ ನನಗೆ ಆರು ವಾರ ಹಿಂದಕ್ಕೆ ಹೋಗಲು ಬಾರದೇ? ಏಪ್ರಿಲ್ ಏಳಕ್ಕೆ, ನೀನು ಓದುವ ಹಿಂದಿನ ದಿನವೇ, ನಾನು ಹೂಂ ಅಂದಿದ್ದೇನೆ. ಇಂಡುನಾ ಮುಂದೆ ಹೇಳಿದ್ದೇನೆ, ಅವರೂ ಒಪ್ಪಿದ್ದಾರೆ. ಯಾವಾಗ ಬೇಕಾದರೂ ಹೇಳು.

ನಿನ್ನ ಎದುರಿಗೆ ನಾನು ಚಿಕ್ಕವನಾದೆ ಎಂದು ಈ ನಾಲ್ಕು ದಿನ ನಾಚಿಕೆಯಿಂದಿದ್ದೆ. ಈಗ ಇಲ್ಲ. ಹಾಳೆ ತಪ್ಪಿದಾಗ ನೀನು ಸುಳ್ಳು ಓದಿ ಹೊತ್ತು ಕಳೆಯಲಿಲ್ಲ, ನಿಜವಾದದ್ದನ್ನು ತೆಗೆದು ಇಟ್ಟೆ. ನನಗಿಂತ ದೊಡ್ಡವಳನ್ನು ಬೆಳೆಸಿದ್ದೇನೆ.

ಮುಬಿಯಾನ


ವಿಂಡ್‌ಹುಕ್
೩೧ ಮೇ ೧೯೯೬

ಪ್ರೀತಿಯ ಮಾವ,

ನಿನ್ನೆ ಸಭೆ ಆಯಿತು. ಹನ್ನೊಂದು ಕಾಗದವನ್ನೂ ಸಿಮಾಸಿಕು ಅವರು ನಿಂತು ಒಂದೊಂದಾಗಿ ಓದಿದರು. ಕೆಮ್ಮಿದ್ದು ಬಂದಾಗ ಗೋರೆಸೆಬ್ ಅವರು ಹಳೆಯ ಟೇಪು ತರಿಸಿ ಹಾಕಿದರು. ಬುಧವಾರ, ನಾಲ್ಕನೆಯ ನಿಮಿಷ, ಕೆಮ್ಮು ಇತ್ತು. ಅಲ್ಲಿಗೆ ಕಾಗದ ಕಟ್ಟಿದವಳು ಎಂಬ ಮಾತು ಸತ್ತ ಹಾಗೆ.

ನಿಮ್ಮ ಕಾಗದದ ಇಂಗ್ಲಿಷನ್ನು ಮಾತ್ರ ಗೋರೆಸೆಬ್ ಅವರು ತಮಗೆ ತಾವೇ ಎರಡು ಸಲ ಓದಿಕೊಂಡರು. "ಈ ಮನುಷ್ಯ ನನಗೆ ಬುದ್ಧಿ ಹೇಳಿದ್ದಾರೋ ಬೈದಿದ್ದಾರೋ?" ಎಂದು ಸಿಮಾಸಿಕು ಅವರನ್ನು ಕೇಳಿದರು. ಅವರು, "ನಮ್ಮ ಕಡೆ ಎರಡಕ್ಕೂ ಒಂದೇ ಕಾಗದ ಸಾಕು ಸಾರ್" ಅಂದರು.

ಓದುವ ಕೆಲಸ ನನಗೆ ಖಾಯಂ ಆಯಿತು. ಜೂನ್ ಹದಿನೇಳು, ಸೋಮವಾರದಿಂದ ನಮ್ಮ ವಾರ್ತೆ ಇಲ್ಲಿಯ ಆರಕ್ಕೆ, ಅಂದರೆ ನಿಮ್ಮ ಏಳಕ್ಕೆ. ಸೆಪ್ಟೆಂಬರ್‌ನಲ್ಲಿ ಇಲ್ಲಿಯ ಗಡಿಯಾರ ನಿಮ್ಮದಕ್ಕೆ ಬಂದು ಕೂಡಿಕೊಂಡ ಮೇಲೆ ಎಲ್ಲರಿಗೂ ಏಳು. ಶುರುವಿನಲ್ಲಿ ಎರಡು ಕಡೆಯ ಹೊತ್ತನ್ನೂ ಹೇಳಬೇಕೆಂದು ನಾನು ಕೇಳಿಕೊಂಡೆ, ಒಪ್ಪಿದರು. ನಾನಿನ್ನು ನಾಲ್ಕೂವರೆಗೆ ಏಳಬೇಕು. ಏಳುತ್ತೇನೆ.

ನಿಮ್ಮ ಮೇಲೆ ಸಿಟ್ಟಿತ್ತು ಮಾವ. ಬಸುರಿಯರ ನಡುವೆ ಮೂರು ದಿನ ಕೂತ ಮಾವನ ಮೇಲೆ ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳಲಿ? ನನ್ನ ಎದುರಿಗೆ ನೀವು ಚಿಕ್ಕವರಾಗಿಲ್ಲ. ಸಭೆಯಲ್ಲಿ ನಿಮ್ಮ ತಪ್ಪೊಪ್ಪಿಗೆ ಓದುವಾಗ ನಾನು ತಲೆಯೆತ್ತಿಕೊಂಡೇ ಇದ್ದೆ.

ಹದಿನೇಳಕ್ಕೆ ಕೇಳಿ. ಕೇಳಿದ್ದನ್ನು ಬರೆಯಿರಿ.

ನಿಮ್ಮ ನಮುಚಾನಾ


ಕಲಿಂಬೇಜಾ
೧೭ ಜೂನ್ ೧೯೯೬

ಮಗಳೇ,

ಇವತ್ತು ಬೆಳಿಗ್ಗೆ ಚಳಿ. ಕಂಬಳಿ ಹೊದ್ದು ಆರಕ್ಕೇ ಕೂತೆವು. ಯಾರಿಗೂ ನನ್ನ ಮೇಲೆ ನಂಬಿಕೆ ಇರಲಿಲ್ಲ. ಮುಶಾಬಾತಿ, "ಈ ಸಲ ಭಜನೆ ಬಂದ್ರೆ ನೀನೇ ಎದ್ದು ನಿಂತು ವಾರ್ತೆ ಓದ್ಬೇಕು" ಎಂದು ಎಲ್ಲರ ಮುಂದೆ ಕರಾರು ಮಾಡಿಸಿಕೊಂಡ.

ಏಳಕ್ಕೆ ನೀನು ಬಂದೆ. "ವಿಂಡ್‌ಹುಕ್‌ನಲ್ಲಿ ಆರು ಗಂಟೆ, ನಮ್ಮ ಜನ ಇರುವಲ್ಲಿ ಏಳು ಗಂಟೆ" ಅಂದೆ. ಅಷ್ಟು ಕೇಳಿದ್ದೇ ತಡ ನಿನ್ನ ಅಮ್ಮ ರೇಡಿಯೋಗೆ ಉತ್ತರ ಕೊಟ್ಟಳು: "ಹೌದಮ್ಮಾ, ಎದ್ದಿದ್ದೀವಿ." ಯಾರೂ ನಗಲಿಲ್ಲ.

ಹೊಗಳುವುದು ನನಗೆ ಸುಲಭ. ಕೇಳದೆಯೇ ಒಂದು ಪುಟ ಹೊಗಳಿದವನು ನಾನು. ಆದ್ದರಿಂದ ಈ ಸಲ ಕೇಳಿದವನು ಬರೆಯುವ ಹಾಗೆ ಬರೆಯುತ್ತೇನೆ.

ಎರಡನೆಯ ಸುದ್ದಿಯಲ್ಲಿ ಚೋಬೆ ನದಿಯ ಹೆಸರಿನ ಬಾಲ ನುಂಗಿದೆ. ನದಿಗೆ ಅದು ಸಾಲದು, ಪೂರ್ತಿ ಹೇಳು. ಮೂರನೆಯದರ ನಡುವೆ ಅವಸರ ಮಾಡಿದೆ. ಯಾರೂ ಅಟ್ಟಿಸಿಕೊಂಡು ಬರುತ್ತಿರಲಿಲ್ಲ. ನಾಲ್ಕನೆಯದಕ್ಕೆ ಮೊದಲು ಉಸಿರು ಎಳೆದುಕೊಂಡದ್ದು ಊರಿಗೆಲ್ಲ ಕೇಳಿಸಿತು, ಮುಖ ಪಕ್ಕಕ್ಕೆ ತಿರುಗಿಸಿ ಎಳೆದುಕೋ. ಮಂತ್ರಿಯ ಹೆಸರನ್ನು ಇಂಡುನಾ ಹೆಸರಿಗಿಂತ ಗಟ್ಟಿಯಾಗಿ ಓದಿದೆ, ನಮ್ಮ ಇಂಡುನಾ ಅದನ್ನು ಗಮನಿಸಿದ್ದಾರೆ. ಕೊನೆಯಲ್ಲಿ ದನಗಳ ಸುದ್ದಿ ಓದುವಾಗ ನಿನ್ನ ಧ್ವನಿ ನಿನ್ನ ಅಜ್ಜಿಯದ್ದಾಯಿತು. ಅದು ತಪ್ಪಲ್ಲ, ಆದರೂ ಕೇಳಿದೆ, ಅದಕ್ಕೆ ಬರೆದೆ.

ಐದನೆಯ ಸುದ್ದಿಯ ಹೊತ್ತಿಗೆ ಮುಶಾಬಾತಿಗೆ ಕೆಮ್ಮು ಬಂತು. ಒಂದು ಸಾಲು ಪೂರ್ತಿ ಹೋಯಿತು. ಅದನ್ನು ನೀನು ಚೆನ್ನಾಗಿ ಓದಿದೆ ಎಂದು ನಾನು ಬರೆಯುವುದಿಲ್ಲ.

ನಿನ್ನ ಮಾವ
ಮುಬಿಯಾನ